ಸೋಪು ‘ಖರ್ಚಾಯಿತು’ ಅಂದರೆ ಲಾಭವೋ ನಷ್ಟವೋ?

ಒಂದೇ ಪದದ ಬಗ್ಗೆ ಕೇಳೋಣ ಅಂತ ಬರೆಯಲು ಕೂತೆ, ಬಾಲದಂತೆ ಇನ್ನೂ ಎರಡು ಮೂರು ಸೇರಿಕೊಂಡವು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಮ್ಮಪ್ಪ ತಿಪಟೂರಿನಲ್ಲಿ ನಲವತ್ತು ವರ್ಷ ದಿನಸಿ ಅಂಗಡಿ ಇಟ್ಟಿದ್ದವರು. ಈಗ ಅಂಗಡಿ ಮುಚ್ಚಿ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಜೀವನವಿಡೀ ಲಕ್ಸು, ಲೈಫ್‌ಬಾಯ್, ರಿನ್ನು, ವಿಮ್ಮು ಮಾರಿದವರಿಗೆ ಈಗ ಅದೇ ಕಂಪನಿಯ ನಾಲ್ಕು ಷೇರು ಕೊಳ್ಳುವ ಆಸೆ. ಹಿಂದೂಸ್ತಾನ್ ಯೂನಿಲಿವರ್ ಅಂತ ಹೆಸರು ಬದಲಾಗಿದ್ದು 2007ರಲ್ಲಿ, ಅಪ್ಪನಿಗೆ ಅದು ಇವತ್ತಿಗೂ ‘ಲಿವರ್ ಕಂಪನಿ’ಯೇ. ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳು ಅಂದರು. ನಾನೂ ಕಾಮರ್ಸ್ ಓದಿದವಳು, ಇದೇನು ಮಹಾ ಅಂದುಕೊಂಡೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ.

‘ವಾಲ್ಯೂಮ್ ಗ್ರೋತ್’ ಅನ್ನುವ ಮಾತು. ಇಂಥ ಕಂಪನಿಯನ್ನು ತೂಗಿ ನೋಡುವವರು ಮೊದಲು ಹುಡುಕುವುದೇ ಇದನ್ನು. 2022ರ ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳಲ್ಲಿ ಕಂಪನಿಯ ವಹಿವಾಟು ಶೇ 10ರಷ್ಟು ಏರಿತ್ತು, ವಾಲ್ಯೂಮ್ ಮಾತ್ರ ಇದ್ದಲ್ಲೇ ಇತ್ತು. ಅಂದರೆ ಜಾಸ್ತಿ ಬಂದ ದುಡ್ಡೆಲ್ಲ ಬೆಲೆ ಏರಿಸಿದ್ದರಿಂದ ಬಂದದ್ದು, ಜನ ಜಾಸ್ತಿ ಕೊಂಡದ್ದರಿಂದ ಅಲ್ಲ. ಇದನ್ನು ಅಪ್ಪನಿಗೆ ‘ಪರಿಮಾಣದ ಬೆಳವಣಿಗೆ ಶೂನ್ಯ’ ಅಂತ ಓದಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಬಿಡಿಸಿ ಹೇಳಿದ ಮೇಲೆ, “ಓ, ಮಾಲು ಖರ್ಚಾಗಿಲ್ಲ ಅನ್ನು, ಅಷ್ಟೇ ತಾನೆ” ಅಂದರು.

ಎಷ್ಟು ಸರಿಯಾದ ಮಾತು! ನಮ್ಮ ಕಡೆ ಅಂಗಡಿಯವರು ‘ಈ ಸೋಪು ಚೆನ್ನಾಗಿ ಖರ್ಚಾಗುತ್ತೆ’, ‘ಆ ಟೀಪುಡಿ ಖರ್ಚಾಗಲ್ಲ, ತರಬೇಡ’ ಅಂತಲೇ ಮಾತಾಡುವುದು. ಪುಸ್ತಕ ಮಾರುವವರೂ ‘ಪ್ರತಿಗಳೆಲ್ಲ ಖರ್ಚಾದವು’ ಅನ್ನುತ್ತಾರೆ. ಆದರೆ ಅದೇ ಲೆಕ್ಕದ ಹಾಳೆಯಲ್ಲಿ ‘ಖರ್ಚು’ ಅಂದರೆ ಕೈಯಿಂದ ಹೋದ ದುಡ್ಡು: ಸಂಬಳ, ಜಾಹೀರಾತು, ತಾಳೆ ಎಣ್ಣೆ. ‘ಖರ್ಚು ಶೇ 5 ಹೆಚ್ಚಿತು’ ಅಂತ ಬರೆದರೆ ಅಂಗಡಿಯವನು ಖುಷಿಪಡುತ್ತಾನೆ, ಅಕೌಂಟೆಂಟು ಹಣೆ ಚಚ್ಚಿಕೊಳ್ಳುತ್ತಾನೆ. ಒಂದೇ ಪದ, ಒಬ್ಬನಿಗೆ ಬಂದದ್ದು, ಇನ್ನೊಬ್ಬನಿಗೆ ಹೋದದ್ದು. ದುಡ್ಡು ಖರ್ಚಾದರೂ ಮಾಲು ಖರ್ಚಾದರೂ ಇದ್ದ ಜಾಗ ಖಾಲಿಯಾಗುವುದು ಮಾತ್ರ ಒಂದೇ, ಅದರಿಂದಲೇ ಈ ಎರಡನೇ ಅರ್ಥ ಬಂದಿರಬೇಕು ಅಂತ ನನ್ನ ಊಹೆ.

ವಾಲ್ಯೂಮ್‌ಗೆ ಪತ್ರಿಕೆಗಳು ಬಳಸುವ ‘ಮಾರಾಟ ಪ್ರಮಾಣ’ ಕೆಲಸಕ್ಕೇನೋ ಬರುತ್ತದೆ. ಆದರೂ ‘ಮಾರಾಟ’ಕ್ಕೂ ‘ಖರ್ಚಿ’ಗೂ ಒಂದು ವ್ಯತ್ಯಾಸ ಇದೆ, ಅದನ್ನು ತೋರಿಸಿಕೊಟ್ಟವರೂ ಅಪ್ಪನೇ. ತಿಂಗಳ ಕೊನೆಗೆ ಕಂಪನಿ ಹುಡುಗ ಬಂದು, ಟಾರ್ಗೆಟ್ ಮುಟ್ಟಬೇಕು ಸಾರ್, ಡಜನ್‌ಗೆ ಒಂದು ಫ್ರೀ ಅಂತ ಸ್ಕೀಮ್ ಹೇಳಿ ಎರಡು ಬಾಕ್ಸ್ ಇಳಿಸಿ ಹೋಗುತ್ತಿದ್ದ. ಡಿಸ್ಟ್ರಿಬ್ಯೂಟರ್ ಲೆಕ್ಕದಲ್ಲಿ ಅದು ಮಾರಾಟ ಆಯಿತು. ಕಂಪನಿಗಂತೂ ಮಾಲು ಡಿಸ್ಟ್ರಿಬ್ಯೂಟರ್ ಕೈಗೆ ಬಂದಾಗಲೇ ಮಾರಾಟ. ನಮ್ಮ ಅಂಗಡಿಯಲ್ಲಿ ಮಾತ್ರ ಆ ಬಾಕ್ಸು ಅಟ್ಟದ ಮೇಲೆ ಕೂತಿದೆ, ಗಿರಾಕಿ ತೊಗೊಂಡು ಹೋಗುವವರೆಗೂ ಅದು ಖರ್ಚಲ್ಲ. ಷೇರು ಕೊಳ್ಳುವವನಿಗೆ ಬೇಕಾದ್ದು ಈ ಎರಡನೆಯದು, ಲೆಕ್ಕದ ಪುಸ್ತಕದಲ್ಲಿ ಸಿಗುವುದು ಮೊದಲನೆಯದು.

ಇನ್ನೊಂದು ತೊಡಕು ತೂಕದ್ದು. ತಾಳೆ ಎಣ್ಣೆ ದುಬಾರಿಯಾದಾಗ ಹತ್ತು ರೂಪಾಯಿಯ ಸೋಪಿನ ಬೆಲೆ ಏರಿಸುವ ಹಾಗಿಲ್ಲ, ಗಿರಾಕಿ ಹತ್ತರ ನೋಟು ಹಿಡಿದೇ ಬರುತ್ತಾನೆ. ಆಗ ಸೋಪನ್ನೇ ಸಣ್ಣ ಮಾಡುತ್ತಾರೆ. ಅಂಗಡಿಯವನು ಎಣಿಸುವುದು ಬಿಲ್ಲೆ, ನೂರು ಬಿಲ್ಲೆ ಹೋಗುತ್ತಿದ್ದಲ್ಲಿ ನೂರೇ ಹೋಗುತ್ತವೆ. ತೂಕ ನೋಡಿದರೆ ಮಾಲು ಕಡಿಮೆಯಾಗಿದೆ. ಹಾಗಾದರೆ ಖರ್ಚು ಇಳಿಯಿತೋ ಇಲ್ಲವೋ? ‘ಪ್ರಮಾಣ’ ಅಂದರೂ ಇದು ಬಗೆಹರಿಯಲಿಲ್ಲ.

ಎರಡನೆಯ ಪದ ‘ಲಾಭಾಂಶ’. ಡಿವಿಡೆಂಡಿಗೆ, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲಿಗೆ, ಎಲ್ಲರೂ ಇದನ್ನೇ ಬಳಸುತ್ತೇವೆ, ಸರಿ. ಆದರೆ ‘ವಿತರಕರ ಲಾಭಾಂಶ ಕಡಿತ’ ಅಂತ ಓದಿದರೆ ಅಲ್ಲಿರುವುದು ಮಾರ್ಜಿನ್ನು. ಅಪ್ಪನಿಗೂ ಲಾಭಾಂಶ ಅಂದರೆ ಎಂಆರ್‌ಪಿಯಲ್ಲಿ ತಮಗೆ ಉಳಿಯುವ ಚೂರು. ಹಾಗಾಗಿ 2023–24ಕ್ಕೆ ಕಂಪನಿ ಷೇರಿಗೆ ₹42 ಲಾಭಾಂಶ ಕೊಟ್ಟಿದೆ ಅಂದಾಗ, “ಎಷ್ಟಕ್ಕೆ ಮಾರಿ?” ಅಂತ ಕೇಳಿದರು. ಮಾರ್ಜಿನ್ನಿಗೆ ‘ಉಳಿಕೆ’ ಅಂದರೆ ಹೇಗೆ? ನನಗೆ ಹಿಡಿಸಿದೆ. ಆದರೆ ಅದು ಬ್ಯಾಲೆನ್ಸ್ ಅನ್ನುವ ಅರ್ಥಕ್ಕೂ ಜಾರಿಬಿಡುತ್ತದೆ.

ಆ ₹42ರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ವರ್ಷ ಷೇರಿಗೆ ಗಳಿಸಿದ್ದು ಸುಮಾರು ₹43. ನಲವತ್ತಮೂರು ದುಡಿದು ನಲವತ್ತೆರಡು ಹಂಚಿದ್ದಾರೆ. “ಅಲ್ಲ ಕಣಮ್ಮ, ಎಲ್ಲಾ ಹಂಚಿಬಿಟ್ಟರೆ ಅಂಗಡಿಗೆ ಮಾಲು ತುಂಬಿಸೋದು ಯಾವ ದುಡ್ಡಲ್ಲಿ?” ಅಂದರು ಅಪ್ಪ. ಉತ್ತರ ಇರುವುದು ‘ವರ್ಕಿಂಗ್ ಕ್ಯಾಪಿಟಲ್’ ಅನ್ನುವಲ್ಲಿ, ಅಂದರೆ ದಿನದಿನದ ವ್ಯಾಪಾರ ನಡೆಸಲು ಕೈಯಿಂದ ಹಾಕಬೇಕಾದ ದುಡ್ಡು. ಈ ಕಂಪನಿಯಲ್ಲಿ ಅದು ಮೈನಸ್. ಎಣ್ಣೆ, ಡಬ್ಬಿ, ರಟ್ಟಿನ ಪೆಟ್ಟಿಗೆ ಕೊಡುವವರಿಗೆ ಹಣ ಕೊಡುವುದು ನಿಧಾನ, ಮಾಲು ಕೊಂಡವರಿಂದ ಹಣ ಬರುವುದು ಬೇಗ. ಇದನ್ನು ‘ಋಣಾತ್ಮಕ ದುಡಿಯುವ ಬಂಡವಾಳ’ ಅಂದರೆ ಕಂಪನಿ ಸಾಲದಲ್ಲಿ ಮುಳುಗಿದೆ ಅನ್ನಿಸುತ್ತದೆ, ನಿಜದಲ್ಲಿ ಇದು ಅದರ ಬಲ. ಅಪ್ಪ ಕೊಟ್ಟ ಅನುವಾದ: “ಉದ್ರಿ ತಂದು ನಗದಿಗೆ ಮಾರೋದು.” ಮುಗಿಯಿತಲ್ಲ! ‘ಇಂದು ನಗದು ನಾಳೆ ಉದ್ರಿ’ ಅಂತ ಬೋರ್ಡು ಹಾಕಿಕೊಂಡೂ ಉದ್ರಿ ಕೊಡದೆ ವಿಧಿಯಿಲ್ಲದ ನಮ್ಮ ಅಂಗಡಿಯದು ಸರಿಯಾಗಿ ಇದರ ಉಲ್ಟಾ.

ಕೊನೆಯದು ‘ಗುಡ್‌ವಿಲ್’, ಅಂದರೆ ಇನ್ನೊಂದು ವ್ಯಾಪಾರವನ್ನು ಕೊಳ್ಳುವಾಗ ಅದರ ಆಸ್ತಿಪಾಸ್ತಿಗಿಂತ ಮೇಲೆ, ಹೆಸರಿಗೆ ಅಂತ ಕೊಡುವ ಬೆಲೆ. ಯಾವುದೋ ಅನುವಾದದಲ್ಲಿ ‘ಸದ್ಭಾವನೆ’ ಅಂತ ಇತ್ತು, ನಗು ಬಂತು. ಕಾಮರ್ಸಿನವರು ‘ಕೀರ್ತಿಮೌಲ್ಯ’ ಅನ್ನುತ್ತಾರೆ, ಅದು ವಾಸಿ. ಇಲ್ಲಿ ಈ ಪದ ಗೊತ್ತಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ. 2020ರ ಏಪ್ರಿಲ್‌ನಲ್ಲಿ ಹಾರ್ಲಿಕ್ಸ್ ತಯಾರಿಸುವ ಕಂಪನಿ ಇದರೊಳಗೆ ವಿಲೀನವಾಯಿತು. ಅದಕ್ಕೆ ಮೊದಲು ಷೇರುದಾರರ ಬಂಡವಾಳ ಸುಮಾರು ₹8,000 ಕೋಟಿ, ಒಂದು ವರ್ಷದ ಮೇಲೆ ₹47,000 ಕೋಟಿ ದಾಟಿತ್ತು. ಲಾಭ ಅಷ್ಟು ಪಟ್ಟು ಏರಲಿಲ್ಲ, ಹಾಗಾಗಿ ಬಂಡವಾಳಕ್ಕೆ ಇಷ್ಟು ಲಾಭ ಅನ್ನುವ ಶೇಕಡಾವಾರು ಧಡಕ್ಕನೆ ಬಿತ್ತು. ವ್ಯಾಪಾರ ಕೆಟ್ಟಿತು ಅಂತಲ್ಲ. ಪುಸ್ತಕಕ್ಕೆ ಬಂದು ಸೇರಿದ್ದರಲ್ಲಿ ಬಹುಪಾಲು ಬರೀ ಹೆಸರಿನ ಬೆಲೆ. ತಾವೇ ಬೆಳೆಸಿದ ಹೆಸರಿಗೆ ಪುಸ್ತಕದಲ್ಲಿ ಬೆಲೆ ಬರೆಯುವ ಹಾಗಿಲ್ಲ, ದುಡ್ಡೋ ಷೇರೋ ಕೊಟ್ಟು ತಂದ ಹೆಸರಿಗೆ ಬರೆಯಲೇಬೇಕು. ಅಪ್ಪ ಇದಕ್ಕೆ ಸುಮ್ನೆ ‘ಹೆಸರಿನ ದುಡ್ಡು’ ಅಂದರು. ಮೂಲ ಕಂಪನಿಗೆ ಕಟ್ಟುವ ರಾಯಲ್ಟಿ ಮತ್ತು ಸೇವಾ ಶುಲ್ಕವನ್ನು ವಹಿವಾಟಿನ ಶೇ 2.65ರಿಂದ 3.45ಕ್ಕೆ ಮೂರು ವರ್ಷದಲ್ಲಿ ಏರಿಸುವುದು ಅಂತ 2023ರ ಜನವರಿಯಲ್ಲಿ ತೀರ್ಮಾನವಾಯಿತಲ್ಲ, ಅದು ‘ಹೆಸರಿನ ಬಾಡಿಗೆ’ಯಂತೆ. ‘ರಾಯಧನ’ಕ್ಕಿಂತ ಇದೇ ಚೆಂದ ಅಲ್ವಾ?

ಈಗ ನನ್ನ ಪ್ರಶ್ನೆ. ‘ಮಾಲು ಖರ್ಚಾಗು’ ಅನ್ನುವ ಬಳಕೆ ಹುಬ್ಬಳ್ಳಿ, ಬೀದರ್ ಕಡೆಯೂ ಇದೆಯಾ? ಮಂಗಳೂರು, ಕುಂದಾಪುರದ ಅಂಗಡಿಗಳಲ್ಲಿ ಏನನ್ನುತ್ತಾರೆ? ‘ಬಿಕರಿ’ ಅನ್ನುವವರು ಇನ್ನೂ ಇದ್ದರೆ, ಅದನ್ನು ಗಿರಾಕಿ ಕೈಗೆ ಹೋದದ್ದಕ್ಕೆ ಮಾತ್ರ ಹೇಳುತ್ತಾರೋ ಅಥವಾ ಸಗಟಿಗೂ ಹೇಳುತ್ತಾರೋ ತಿಳಿಸಿ. ಅಪ್ಪನಿಗೆ ಇನ್ನೂ ಎಂಬತ್ತು ಪುಟ ಓದಿ ಹೇಳುವುದಿದೆ.