ಸಹಾಯ ಬೇಕು: ನಿವೃತ್ತಿಯಾದ ಮೇಲೆ ಅಪ್ಪ ಮಂಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಅಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು, 60 ತುಂಬಿ ನಿವೃತ್ತಿಯಾಗಿ ಎಂಟು ತಿಂಗಳಾಯ್ತು. ಈಗಲೂ ಬೆಳಿಗ್ಗೆ ಐದಕ್ಕೇ ಎದ್ದು, ಶೇವ್ ಮಾಡಿ, ಇಸ್ತ್ರಿ ಶರ್ಟು ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ರೆಡಿಯಾಗುತ್ತಾರೆ, ಆಮೇಲೆ ಸುಮ್ನೆ ಟೀವಿ ಮುಂದೆ ಕೂರುತ್ತಾರೆ. ನೋಡೋಕೆ ಸಂಕಟವಾಗುತ್ತದೆ. ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಕರೆದುಕೊಂಡು ಹೋದೆ, ಮಂಡಿ ನೋವು ಅಂತ ನಾಲ್ಕೇ ದಿನಕ್ಕೆ ಬಿಟ್ಟರು. ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ಮಾತ್ರ ಮುಖ ಅರಳುತ್ತಿತ್ತು, ಪರೀಕ್ಷೆ ಮುಗಿದ ಮೇಲೆ ಅವರೂ ಬರುತ್ತಿಲ್ಲ. ಜಾಸ್ತಿ ಒತ್ತಾಯ ಮಾಡಿದರೆ ರೇಗುತ್ತಾರೆ, ಸುಮ್ಮನೆ ಬಿಟ್ಟರೆ ಇನ್ನಷ್ಟು ಮಂಕಾಗುತ್ತಾರೆ. ಏನು ಮಾಡಬೇಕೋ ತೋಚುತ್ತಿಲ್ಲ. ಮೈಸೂರಿನ ಸರಸ್ವತಿಪುರಂ ಕಡೆ, ನಿವೃತ್ತ ಮೇಷ್ಟ್ರು ವಾರಕ್ಕೆ ಎರಡು ದಿನ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಡುವಂಥ ಶಾಲೆ ಅಥವಾ ಹಾಸ್ಟೆಲ್ ಇದೆಯಾ? ಯಾರನ್ನು ಕೇಳಬೇಕು?