ಕಿಬ್ಬುಟ್ಜ್‌ಗೆ ವಾಲಂಟಿಯರ್ ಆಗಿ ಹೋದರೆ ನಿಜವಾಗಿ ಏನು ಕೆಲಸ ಕೊಡುತ್ತಾರೆ?

ಹೊಸದಾರಿ:
ನನಗೆ 23. ಡಿಗ್ರಿ ಮುಗಿದಿದೆ. ಕೆಲಸಕ್ಕೆ ಸೇರುವ ಮುಂಚೆ ಇಸ್ರೇಲ್‌ನ ಯಾವುದಾದರೂ ಕಿಬ್ಬುಟ್ಜ್‌ನಲ್ಲಿ (ಎಲ್ಲರೂ ಒಟ್ಟಾಗಿ ದುಡಿದು ಬಾಳಲು ಕಟ್ಟಿಕೊಂಡ ಕೃಷಿ ಊರು) ಮೂರು ತಿಂಗಳು ವಾಲಂಟಿಯರ್ ಆಗಿರಬೇಕು ಅಂತ ಬಹಳ ದಿನದ ಆಸೆ. ಫೋಟೋಗಳಲ್ಲಿ ಎಲ್ಲರೂ ಕಿತ್ತಳೆ ಕೀಳುತ್ತಾ ನಗುತ್ತಿರುತ್ತಾರೆ, ಆದರೆ ನನಗೆ ದಿನ ಹೇಗೆ ಸಾಗುತ್ತದೆ ಅಂತ ಗೊತ್ತಾಗಬೇಕು. ಎಷ್ಟು ಗಂಟೆಗೆ ಏಳಬೇಕು? ತೋಟದ ಕೆಲಸವೇ ಬೇಕು ಅಂತ ಕೇಳಬಹುದಾ, ಇಲ್ಲ ಕೊಟ್ಟದ್ದನ್ನು ಮಾಡಬೇಕಾ? ನಾನು ಸಸ್ಯಾಹಾರಿ, ಊಟಕ್ಕೆ ತೊಂದರೆ ಆಗುತ್ತದಾ? ಸಂಬಳ ಇಲ್ಲದೆ ಮೂರು ತಿಂಗಳು ಕಳೆಯುವುದು ಹೇಗೆ? ಹೀಬ್ರೂ ಒಂದಕ್ಷರವೂ ಬರುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಖರ್ಜೂರದ ನೆರಳು:
ನಾನು ಜೋರ್ಡನ್ ಕಣಿವೆಯ ಒಂದು ಕಿಬ್ಬುಟ್ಜ್‌ನಲ್ಲಿ ನಾಲ್ಕು ತಿಂಗಳು ಇದ್ದೆ. ಕೆಲಸ ನೀವು ಆರಿಸುವುದಿಲ್ಲ. ಯಾರು ಎಲ್ಲಿಗೆ ಹೋಗಬೇಕು ಅಂತ ಹಂಚುವವರು ಒಬ್ಬರಿರುತ್ತಾರೆ, ಅವರಿಗೆ ಸದ್ರಾನ್ ಅವೋದಾ ಅನ್ನುತ್ತಾರೆ. ಇಂಥದ್ದು ಇಷ್ಟ ಅಂತ ಹೇಳಿಕೊಳ್ಳಬಹುದು, ಆದರೆ ಮೊದಲ ಕೆಲವು ವಾರ ಹದಾರ್ ಓಖೆಲ್, ಅಂದರೆ ಎಲ್ಲರೂ ಕೂತು ಉಣ್ಣುವ ಊಟದ ಹಾಲ್, ಅಲ್ಲೇ ಕಳೆಯುವ ಸಾಧ್ಯತೆ ಜಾಸ್ತಿ. ನನಗೂ ಹಾಗೇ ಆಯಿತು. ಪಾತ್ರೆ ತೊಳೆಯುವ ದೊಡ್ಡ ಮೆಷಿನ್, ಒಂದು ಕಡೆಯಿಂದ ಟ್ರೇಗಳು ಬರುತ್ತಲೇ ಇರುತ್ತವೆ, ಉಳಿದ ಅನ್ನ ಕೆಡವಬೇಕು, ಚಮಚ ಬೇರೆ ಪ್ಲೇಟ್ ಬೇರೆ ಮಾಡಬೇಕು, ಇನ್ನೊಂದು ಕಡೆ ಹಬೆಯಾಡುವ ಬಿಸಿ ಪ್ಲೇಟ್‌ಗಳನ್ನು ಎತ್ತಿ ಜೋಡಿಸಬೇಕು. ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಊರಿನವರೆಲ್ಲ ನಿಮ್ಮ ಮುಂದೆಯೇ ಹಾದು ಹೋಗುತ್ತಾರೆ, ಅಲ್ವಾ? ಎರಡನೇ ವಾರಕ್ಕೆ ಅಜ್ಜಿಯರು ನನ್ನ ಹೆಸರು ಹಿಡಿದು "ಬೋಕರ್ ತೋವ್" ಅನ್ನುತ್ತಿದ್ದರು. ನನ್ನ ಹೀಬ್ರೂ ಶುರುವಾಗಿದ್ದು ಅಲ್ಲೇ.

ಆಮೇಲೆ ಖರ್ಜೂರದ ತೋಟಕ್ಕೆ ಹಾಕಿದರು. ಆಗಸ್ಟ್‌ನಿಂದ ಅಕ್ಟೋಬರ್ ಕೊಯ್ಲಿನ ಕಾಲ. ಬೆಳಗ್ಗೆ ಐದಕ್ಕೆಲ್ಲ ಗಾಡಿ ಹೊರಡುತ್ತದೆ, ಯಾಕೆಂದರೆ ಮಧ್ಯಾಹ್ನ ಅಲ್ಲಿ 40 ಡಿಗ್ರಿ ದಾಟುತ್ತದೆ. ಲಿಫ್ಟ್ ಮೇಲೆ ನಿಂತು, ಬೆಲ್ಟ್ ಕಟ್ಟಿಕೊಂಡು, ಮೆಜೂಲ್ ಅನ್ನುವ ಖರ್ಜೂರದ ಗೊನೆಗಳಿಗೆ ಹಾಕಿದ ಬಲೆ ಬಿಚ್ಚಿ ಕೈಯಿಂದ ಹಣ್ಣು ಬಿಡಿಸುವುದು. ಮೂರನೇ ದಿನ ನಾನು ನೀರು ಕುಡಿಯುವುದು ಮರೆತು ತಲೆ ಸುತ್ತಿ ಕೂತುಬಿಟ್ಟೆ. ಬಾಯಾರಿಕೆ ಆಗುವ ತನಕ ಕಾಯಬೇಡಿ. ಟೋಪಿ ಮರೆಯಬೇಡಿ.

ದಿನಕ್ಕೆ ಏಳೆಂಟು ಗಂಟೆ, ವಾರಕ್ಕೆ ಸಾಮಾನ್ಯವಾಗಿ ಆರು ದಿನ. ವಾರ ಭಾನುವಾರದಿಂದ ಶುರು. ರೂಮು, ಊಟ, ಬಟ್ಟೆ ಒಗೆತ ಅವರದೇ, ಜೊತೆಗೆ ಕೈಖರ್ಚಿಗೆ ಒಂದಿಷ್ಟು ಶೆಕೆಲ್, ಅಂದರೆ ಅಲ್ಲಿನ ದುಡ್ಡು. ಅಲ್ಲೇ ಇದ್ದರೆ ಸಾಕಾಗುತ್ತದೆ, ತಿರುಗಾಡಲು ಸಾಲದು. ಊಟದ ಚಿಂತೆ ಬಿಡಿ. ಬೆಳಗ್ಗೆ ಸೌತೆಕಾಯಿ, ಟೊಮ್ಯಾಟೊ, ಬಿಳಿ ಚೀಸ್, ಆಲಿವ್, ಬ್ರೆಡ್ ಬೇಕಾದಷ್ಟು ಇರುತ್ತದೆ.

ನಸುಕಿನ ಪಾಳಿ:
ನಾನಿದ್ದದ್ದು ರೆಫೆತ್‌ನಲ್ಲಿ, ಅಂದರೆ ಹಸುಗಳ ಕೊಟ್ಟಿಗೆಯಲ್ಲಿ. ದಿನಕ್ಕೆ ಮೂರು ಸಲ ಹಾಲು ಕರೆಯುತ್ತಾರೆ, ಹಾಗಾಗಿ ಒಂದು ಪಾಳಿ ರಾತ್ರಿಯೇ ಬರುತ್ತದೆ. ಅಲ್ಲಿನ ಹಸು ವರ್ಷಕ್ಕೆ ಸರಾಸರಿ 11,000 ಲೀಟರ್‌ಗಿಂತ ಜಾಸ್ತಿ ಕೊಡುತ್ತದೆ ಅಂತ ಓದಿದ್ದೆ, ಆ ಬಿಸಿಲಿನಲ್ಲಿ ಹೇಗೆ ಅಂತ ಆಶ್ಚರ್ಯವಾಗಿತ್ತು. ಹೋಗಿ ನೋಡಿದರೆ ಬೇಸಿಗೆಯಲ್ಲಿ ಹಸುಗಳಿಗೆ ದಿನಕ್ಕೆ ಎಷ್ಟೋ ಸಲ ನೀರು ಚಿಮುಕಿಸಿ, ದೊಡ್ಡ ಫ್ಯಾನ್ ಹಾಕಿ ತಂಪು ಮಾಡುತ್ತಾರೆ. ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುವ ಕೆಲಸ ನನ್ನದಾಗಿತ್ತು. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ವಾಸನೆ ಮಾತ್ರ ಎಷ್ಟು ಸೋಪು ಹಾಕಿದರೂ ಕೂದಲಿನಿಂದ ಹೋಗುವುದಿಲ್ಲ.

ಹಳೆ ನಕ್ಷೆ:
ಒಂದು ಮಾತು ಸೇರಿಸುತ್ತೇನೆ. 1967ರ ಯುದ್ಧದ ನಂತರ ಹೊರದೇಶದ ಯುವಕರು ಸಾವಿರಾರು ಮಂದಿ ಹೋದರಲ್ಲ, ಆ ಕಾಲದ ಕಥೆಗಳನ್ನು ನಂಬಿ ಹೋಗಬೇಡಿ. ಈಗ ಬಹಳಷ್ಟು ಕಿಬ್ಬುಟ್ಜ್‌ಗಳಲ್ಲಿ ಎಲ್ಲರಿಗೂ ಸಮಪಾಲು ಅನ್ನುವ ಪದ್ಧತಿ ಇಲ್ಲ. 1910ರಲ್ಲಿ ಶುರುವಾದ ಮೊದಲ ಕಿಬ್ಬುಟ್ಜ್ ದೆಗಾನ್ಯಾ ಕೂಡ 2007ರಲ್ಲಿ ಕೆಲಸಕ್ಕೆ ತಕ್ಕ ಸಂಬಳ ಅನ್ನುವ ದಾರಿ ಹಿಡಿಯಿತು. ಹೊಲದ ಕೆಲಸ ಹೆಚ್ಚಾಗಿ ಥಾಯ್ಲೆಂಡ್‌ನಿಂದ ಬಂದ ಕೂಲಿಯವರು ಮಾಡುತ್ತಾರೆ. ವಾಲಂಟಿಯರ್‌ಗಳಿಗೆ ಅಡುಗೆಮನೆ, ಲಾಂಡ್ರಿ, ಗೆಸ್ಟ್‌ಹೌಸ್ ಉಳಿಯುವುದು ಇದರಿಂದಲೂ ಹೌದು. ಕೆಲವು ಕಡೆ ಊಟದ ಹಾಲ್ ಮಧ್ಯಾಹ್ನ ಮಾತ್ರ ತೆರೆದಿರುತ್ತದೆ. ಆದ್ದರಿಂದ ಒಪ್ಪಿಕೊಳ್ಳುವ ಮುಂಚೆ ಕೇಳಿ: ಊಟದ ಹಾಲ್ ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ, ಈಗ ಎಷ್ಟು ವಾಲಂಟಿಯರ್‌ಗಳಿದ್ದಾರೆ, ರೂಮಿನಲ್ಲಿ ಎಷ್ಟು ಜನ. ವಾಲಂಟಿಯರ್‌ಗಳಿಗೆ ಕೊಡುವ ಬಿ/4 ವೀಸಾ ಖಚಿತವಾಗದೆ ಟಿಕೆಟ್ ತಗೋಬೇಡಿ. ಆ ವೀಸಾದಲ್ಲಿ ಹೊರಗೆ ಸಂಬಳದ ಕೆಲಸ ಮಾಡುವಂತಿಲ್ಲ.

ಹೊಸದಾರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾತ್ರೆ ತೊಳೆಯಲು ನನಗೇನೂ ಬೇಸರವಿಲ್ಲ. ಮನೆಯಲ್ಲಿ ಮಾತ್ರ ಭಯ. ಅಮ್ಮನಿಗೆ ಏನು ಹೇಳಲಿ?

ಖರ್ಜೂರದ ನೆರಳು:
ಅಮ್ಮನ ಭಯ ಸುಮ್ನೆ ಅಲ್ಲ. 2023ರ ಅಕ್ಟೋಬರ್ 7ರಂದು ಗಾಜಾ ಗಡಿಯ ಬೆಯೇರಿ, ಕ್ಫಾರ್ ಅಜಾ, ನೀರ್ ಓಜ್‌ನಂಥ ಕಿಬ್ಬುಟ್ಜ್‌ಗಳ ಮೇಲೆ ದಾಳಿ ಆಯಿತು. ಆ ದಿನ ಗಡಿ ಭಾಗದಲ್ಲಿ ಸತ್ತವರಲ್ಲಿ ಥಾಯ್ಲೆಂಡ್‌ನ ಕೂಲಿಯವರೂ ಕೃಷಿ ಕಲಿಯಲು ಬಂದ ನೇಪಾಳದ ಹುಡುಗರೂ ಇದ್ದರು. ನಿಮ್ಮ ವಯಸ್ಸಿನವರೇ. ರಾಯಭಾರ ಕಚೇರಿ ಬೇಡ ಅಂದರೆ ಆ ವರ್ಷ ಬಿಟ್ಟುಬಿಡಿ. ಹೋಗುವುದಾದರೆ ಮೊದಲ ದಿನವೇ ಮಿಕ್ಲಾತ್, ಅಂದರೆ ಬಾಂಬ್ ಶೆಲ್ಟರ್, ಎಲ್ಲಿದೆ ಅಂತ ನಡೆದು ನೋಡಿ. ಸೈರನ್ ಆದಾಗ ಟೆಲ್ ಅವೀವ್‌ನಲ್ಲಿ ಒಂದೂವರೆ ನಿಮಿಷ ಸಿಗುತ್ತದೆ, ಗಾಜಾ ಪಕ್ಕದಲ್ಲಿ 15 ಸೆಕೆಂಡು. ಅಮ್ಮನಿಗೆ ಮ್ಯಾಪ್ ತೋರಿಸಿ, ಎಲ್ಲವನ್ನೂ ಮುಚ್ಚಿಡದೆ ಹೇಳಿ.

ನಸುಕಿನ ಪಾಳಿ:
ಪರಿಸ್ಥಿತಿ ಸರಿಯಿದ್ದರೆ ಶಾವುವೋತ್ ಹಬ್ಬ ಸೇರುವ ಹಾಗೆ ಹೋಗಿ, ಮೇ ಅಥವಾ ಜೂನ್‌ನಲ್ಲಿ ಬರುತ್ತದೆ. ಟ್ರ್ಯಾಕ್ಟರ್‌ಗಳಿಗೆ ಸಿಂಗಾರ ಮಾಡಿ, ಆ ವರ್ಷದ ಮೊದಲ ಬೆಳೆಯನ್ನೆಲ್ಲ ಮೆರವಣಿಗೆ ಮಾಡುತ್ತಾರೆ. ನಾನಿದ್ದಲ್ಲಿ ಕೊನೆಯಲ್ಲಿ ಆ ವರ್ಷ ಹುಟ್ಟಿದ ಮಕ್ಕಳನ್ನು ಎತ್ತಿಕೊಂಡು ಅಪ್ಪ ಅಮ್ಮಂದಿರು ಬಂದರು. ಅದರ ಮುಂಚೆ ನಮ್ಮ ಕರುಗಳೂ ಹೋದವು, ಹಗ್ಗ ಹಿಡಿದಿದ್ದು ನಾನು.