ಅಪ್‌ಡೇಟ್: ಒಂದೇ ಮಾಡೆಲ್‌ನ ಎರಡು ಮಾನಿಟರ್, ಬಣ್ಣ ಮಾತ್ರ ಬೇರೆ ಬೇರೆ

ಪಕ್ಕಪಕ್ಕ ಇಟ್ಟ ಒಂದೇ ಮಾಡೆಲ್‌ನ ಎರಡು ಮಾನಿಟರ್‌ಗಳಲ್ಲಿ ಎಡಗಡೆಯದು ಮಂಕಾಗಿ, ಹಳದಿಯಾಗಿ ಕಾಣುತ್ತದೆ ಎಂದು ಕೇಳಿದ್ದೆ. ಈಗ ಬಹುಮಟ್ಟಿಗೆ ಸರಿಹೋಗಿದೆ. ಕೇಬಲ್ ಅದಲುಬದಲು ಮಾಡಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಸುಳಿವು ಸಿಕ್ಕಿದ್ದೇ ಅಲ್ಲಿ.

ಕೇಬಲ್ ಬದಲಿಸಿದಾಗ ಮಂಕು ಬಲಗಡೆಗೆ ಹೋಯಿತು, ಹಳದಿ ಮಾತ್ರ ಎಡಗಡೆಯೇ ಉಳಿಯಿತು. ಅಂದರೆ ತೊಂದರೆ ಒಂದಲ್ಲ, ಎರಡು! ಒಂದು ಮಾನಿಟರ್ ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿತ್ತು, ಇನ್ನೊಂದು ಎಚ್‌ಡಿಎಂಐ ಕೇಬಲ್‌ನಲ್ಲಿ. ಎಚ್‌ಡಿಎಂಐ ಕಡೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್) ಕಪ್ಪಿನಿಂದ ಬಿಳಿವರೆಗಿನ ಪೂರ್ತಿ 0–255 ಬದಲು ಟಿವಿಗೆ ಕಳಿಸುವ 16–235 ರೇಂಜ್ ಕಳಿಸುತ್ತಿತ್ತು. ಅದಕ್ಕೇ ಕಪ್ಪು ಬೂದುಬಣ್ಣವಾಗಿ, ಬಿಳಿ ಕಳೆಗುಂದಿ ಕಾಣುತ್ತಿತ್ತು. ಡ್ರೈವರ್ ಸೆಟ್ಟಿಂಗ್ಸ್‌ನಲ್ಲಿ ಫುಲ್ ರೇಂಜ್ ಆರಿಸಿದ ತಕ್ಷಣ ಮಂಕು ಮಾಯ.

ಹಳದಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮಾಡೆಲ್ ಒಂದೇ ಆದರೂ ಪರದೆಯ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಎಲ್‌ಇಡಿಗಳ ಬಿಳುಪು ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ಸ್ವಲ್ಪ ಬದಲಾಗುತ್ತದೆ. ಹಳತಾದಂತೆ ಇನ್ನೂ ಜಾಸ್ತಿ. ನೈಟ್ ಲೈಟ್ (ರಾತ್ರಿ ಪರದೆಯನ್ನು ಹಳದಿಯಾಗಿಸುವುದು), ಡೈನಾಮಿಕ್ ಕಾಂಟ್ರಾಸ್ಟ್ (ಚಿತ್ರ ನೋಡಿ ಬೆಳಕನ್ನು ತಾನೇ ಬದಲಿಸುವುದು) ಎಲ್ಲ ಆಫ್ ಮಾಡಿ, ಎಡಗಡೆಯದರಲ್ಲಿ ಕೆಂಪು ಮತ್ತು ಹಸಿರು ಗೇನ್ (ಆ ಬಣ್ಣದ ಪ್ರಮಾಣ) ಸ್ವಲ್ಪ ಇಳಿಸಿದೆ. ನೀಲಿ ಏರಿಸಬೇಡಿ, ತಿಳಿ ಬಣ್ಣಗಳ ವಿವರ ಹೋಗುತ್ತದೆ. ಗೇನ್ ಇಳಿಸಿದರೆ ಬೆಳಕು ಕಡಿಮೆಯಾಗುತ್ತೆ ಅಲ್ವಾ, ಅದಕ್ಕೆ ಬ್ರೈಟ್‌ನೆಸ್ ಏರಿಸಿ ಎರಡನ್ನೂ ಸಮ ಮಾಡಿದೆ. ಆಮೇಲೆ ಸ್ನೇಹಿತರ ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಸಾಧನ) ತಂದು, ಬಿಳುಪನ್ನು 6500 ಕೆಲ್ವಿನ್‌ಗೆ (ಹಗಲು ಬೆಳಕಿನಂಥ ಬಿಳುಪು) ಹೊಂದಿಸಿ, ಎರಡಕ್ಕೂ ಬೇರೆ ಬೇರೆ ಪ್ರೊಫೈಲ್ (ಬಣ್ಣ ಸರಿಪಡಿಸುವ ಫೈಲ್) ಮಾಡಿದೆ. ಒಂದರ ಪ್ರೊಫೈಲ್ ಇನ್ನೊಂದಕ್ಕೆ ಹಾಕಿದರೆ ಉಪಯೋಗವಿಲ್ಲ.

ಗಾಢ ಬೂದು ಬಣ್ಣದಲ್ಲಿ ಮಾತ್ರ ಇನ್ನೂ ಚೂರು ವ್ಯತ್ಯಾಸ ಇದೆ. ಫೋಟೋ ಎಡಿಟಿಂಗ್ ಬಲಗಡೆಯದರಲ್ಲೇ ಮಾಡುತ್ತೇನೆ.